ಕಡಲಾಚೆಯ ಯುದ್ಧ, ಒಲೆಯ ಮುಂದಿನ ಕಷ್ಟ



ಯುದ್ಧ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಕುರುಕ್ಷೇತ್ರದ ಕತೆ ನೆನಪಾಗಬಹುದು. ಟಿಪ್ಪು ಸುಲ್ತಾನನ ಲಾವಣಿ ನೆನಪಾಗಬಹುದು. ಟಿ.ವಿ.ಯಲ್ಲಿ ಕಂಡ ಗುಂಡು, ಬಾಂಬು ನೆನಪಾಗಬಹುದು.

ಯುದ್ಧ ಅನ್ನೋದು ಎಲ್ಲೋ ದೂರದಲ್ಲಿ ನಡೆಯುತ್ತೆ. ನಮಗೂ ಅದಕ್ಕೂ ಏನು ಸಂಬಂಧ? ಹಾಗೆ ಕೇಳುವವರು ಉಂಟು. ಸಂಬಂಧ ಇದೆ. ಹೇಗೆ ಅಂತ ನೋಡೋಣ.

ನೂರು ವರ್ಷಕ್ಕೂ ಹಿಂದೆ ಒಂದು ಯುದ್ಧ ಆಯಿತು. 1914ರಲ್ಲಿ ಶುರುವಾಯಿತು. 1918ರಲ್ಲಿ ನಿಂತಿತು. ಅದನ್ನು ಮೊದಲನೇ ಮಹಾಯುದ್ಧ ಅಂತ ಕರೆಯುತ್ತಾರೆ. ಅದು ಹುಟ್ಟಿದ್ದು ಯುರೋಪಿನಲ್ಲಿ. ಆದರೆ ನಮ್ಮ ಮೈಸೂರು ಸೀಮೆಯ ಗಂಡಸರು ಅದಕ್ಕೆ ಹೋದರು. ಕುದುರೆಗಳು ಹೋದವು. ದುಡ್ಡು ಹೋಯಿತು. ಹೋಗದೆ ಉಳಿದವರ ಮನೆಗೂ ಯುದ್ಧ ಬಂತು.

ಆಗ ನಮ್ಮ ಸೀಮೆ

ಆಗ ಮೈಸೂರಿನಲ್ಲಿ ಮಹಾರಾಜರು ಇದ್ದರು. ಅವರು ನಾಲ್ವಡಿ ಕೃಷ್ಣರಾಜ ಒಡೆಯರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆಯ ಕೆಲಸ ನಡೀತಾ ಇತ್ತು.

ಈಗಿನ ಕೃಷ್ಣರಾಜನಗರ ಆಗ ಇರಲಿಲ್ಲ. ಎಡತೊರೆಯೇ ದೊಡ್ಡ ಊರು. ಕಾವೇರಿ ನೆರೆಯಿಂದ ಎಡತೊರೆಗೆ ತೊಂದರೆ ಆಯಿತು. ಆಮೇಲೆ ಹೊಸ ಊರು ಕಟ್ಟಿ ಅದಕ್ಕೆ ಮಹಾರಾಜರ ಹೆಸರು ಇಟ್ಟರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ನಿಮಗೆಲ್ಲ ಗೊತ್ತು. ಮುಂದೆ ನಮ್ಮ ರಾಜ್ಯದ ಮುಖ್ಯಮಂತ್ರಿ ಆದವರು. ಅವರು ಹುಟ್ಟಿದ್ದು 1915ರಲ್ಲಿ. ಯುದ್ಧ ನಡೆಯುತ್ತಿದ್ದ ಹೊತ್ತಿನಲ್ಲೇ.

ಹುಣಸೂರಿಗೆ ಸೈನ್ಯದ ನಂಟು ಇನ್ನೂ ಹಳೆಯದು. ಅಮೃತ ಮಹಲ್ ದನಗಳ ಹೆಸರು ಕೇಳಿದ್ದೀರಲ್ಲ? ಹೈದರ್, ಟಿಪ್ಪು ಕಾಲದಲ್ಲಿ ಆ ಎತ್ತುಗಳೇ ಫಿರಂಗಿ ಎಳೆಯುತ್ತಿದ್ದವು. ಆಮೇಲೆ ಇಂಗ್ಲಿಷರೂ ಅವನ್ನೇ ಬಳಸಿದರು. ಆ ದನಗಳ ಠಾಣೆ ಹುಣಸೂರಿನಲ್ಲಿ ಇತ್ತು. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ ಮಾಡುವ ಸರ್ಕಾರಿ ಕಾರ್ಖಾನೆಯೂ ಇತ್ತು. 1864ರಲ್ಲಿ ಅದನ್ನು ಮುಚ್ಚಿದರು. ಆದರೂ ಆ ಕಸುಬು ಕಲಿತವರು ಊರಿನಲ್ಲಿ ಉಳಿದರು.

ಅದು ಎತ್ತು, ಕುದುರೆಗಳ ಯುದ್ಧದ ಕಾಲ. 1914ರ ಯುದ್ಧ ಬೇರೆ ಥರ. ಅದು ಯಂತ್ರಗಳ ಯುದ್ಧ.

ಜಗಳ ಹೇಗೆ ಹತ್ತಿತು?

ಹಳ್ಳಿಯಲ್ಲಿ ಬದುವಿನ ಜಗಳ ನೋಡಿರ್ತೀರಿ. ಇಬ್ಬರು ಮಾತಿಗೆ ಮಾತು ಬೆಳೆಸುತ್ತಾರೆ. ಒಬ್ಬ ತನ್ನ ಭಾವನನ್ನು ಕರೆಯುತ್ತಾನೆ. ಇನ್ನೊಬ್ಬ ತನ್ನ ಅಣ್ಣತಮ್ಮಂದಿರನ್ನು ಕರೆಯುತ್ತಾನೆ. ಹೊತ್ತು ಮುಳುಗುವಷ್ಟರಲ್ಲಿ ಊರೇ ಎರಡು ಪಾಳಿ ಆಗುತ್ತೆ. ಈ ಯುದ್ಧವೂ ಹಾಗೇ ಹತ್ತಿತು. ಆದರೆ ಕಾರಣಗಳು ಬಹಳ ದಿನದಿಂದ ಕೂಡಿಕೊಂಡು ಬಂದಿದ್ದವು.

ಯುರೋಪಿನ ದೇಶಗಳಲ್ಲಿ ದೊಡ್ಡ ದೊಡ್ಡ ಕಾರ್ಖಾನೆ ಎದ್ದಿದ್ದವು. ಕಾರ್ಖಾನೆಗೆ ಹತ್ತಿ ಬೇಕು, ರಬ್ಬರ್ ಬೇಕು, ಕಬ್ಬಿಣ ಬೇಕು. ಮಾಡಿದ ಮಾಲು ಮಾರಲು ಸಂತೆ ಬೇಕು. ಅದಕ್ಕಾಗಿ ಅವರು ಬೇರೆಯವರ ದೇಶಗಳನ್ನು ಹಿಡಿದುಕೊಂಡರು. ನಮ್ಮ ದೇಶವನ್ನು ಇಂಗ್ಲಿಷರು ಹಿಡಿದಿದ್ದು ಹೀಗೆಯೇ. ನನಗೆ ಹೆಚ್ಚು, ನಿನಗೆ ಕಡಿಮೆ ಅಂತ ಅವರವರಲ್ಲೇ ಹೊಟ್ಟೆಕಿಚ್ಚು ಬೆಳೆಯಿತು. ಒಬ್ಬರು ಹಡಗು ಕಟ್ಟಿದರೆ ಇನ್ನೊಬ್ಬರು ಅದಕ್ಕಿಂತ ದೊಡ್ಡದು ಕಟ್ಟಿದರು. ಒಬ್ಬರು ಫಿರಂಗಿ ಮಾಡಿದರೆ ಇನ್ನೊಬ್ಬರು ಎರಡು ಮಾಡಿದರು.

ಅವರಲ್ಲಿ ಎರಡು ಗುಂಪು ಆಯಿತು. ಜರ್ಮನಿ ಮತ್ತು ಆಸ್ಟ್ರಿಯಾ-ಹಂಗರಿ ಒಂದು ಕಡೆ. ಇಂಗ್ಲೆಂಡ್, ಫ್ರಾನ್ಸ್, ರಷ್ಯಾ ಇನ್ನೊಂದು ಕಡೆ. ನಿನ್ನ ಮೇಲೆ ಯಾರಾದರೂ ಬಿದ್ದರೆ ನಾನು ಬರುತ್ತೇನೆ ಅಂತ ಒಬ್ಬರಿಗೊಬ್ಬರು ಮಾತು ಕೊಟ್ಟರು.

ಹುಲ್ಲಿನ ಮೆದೆ ಒಣಗಿ ನಿಂತಿತ್ತು. ಕಿಡಿ ಬೀಳುವುದೊಂದೇ ಬಾಕಿ.

1914ರ ಜೂನ್ 28ರಂದು ಕಿಡಿ ಬಿತ್ತು. ಸರಾಯೆವೋ ಅನ್ನುವ ಊರು. ಆಸ್ಟ್ರಿಯಾದ ಯುವರಾಜ ಮತ್ತು ಅವನ ಹೆಂಡತಿ ಕಾರಿನಲ್ಲಿ ಹೋಗುತ್ತಿದ್ದರು. ಒಬ್ಬ ಹುಡುಗ ಅವರಿಬ್ಬರನ್ನೂ ಗುಂಡಿಟ್ಟು ಕೊಂದ. ಅವನಿಗೆ ಹತ್ತೊಂಬತ್ತು ವರ್ಷ.

ಇದಕ್ಕೆ ಪಕ್ಕದ ಸರ್ಬಿಯಾ ದೇಶವೇ ಹೊಣೆ ಅಂತ ಆಸ್ಟ್ರಿಯಾ ಹೇಳಿತು. ಜುಲೈ 28ರಂದು ಯುದ್ಧ ಸಾರಿತು. ಸರ್ಬಿಯಾದ ಬೆನ್ನಿಗೆ ರಷ್ಯಾ ನಿಂತಿತು. ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ ನಿಂತಿತು. ಜರ್ಮನಿ ಬೆಲ್ಜಿಯಂ ದೇಶದ ಒಳಗೆ ನುಗ್ಗಿ ಫ್ರಾನ್ಸ್ ಕಡೆ ಹೊರಟಿತು. ಆಗಸ್ಟ್ 4ರಂದು ಇಂಗ್ಲೆಂಡ್ ಕೂಡ ಸೇರಿತು. ಒಂದು ವಾರ ಅಷ್ಟೇ. ಯುರೋಪು ಹೊತ್ತಿಕೊಂಡು ಉರಿಯಿತು. ಕೆಲವು ತಿಂಗಳಲ್ಲಿ ತುರ್ಕಿಯೂ ಜರ್ಮನಿಯ ಕಡೆ ಸೇರಿಕೊಂಡಿತು.

ನಮ್ಮನ್ನು ಯಾರು ಕೇಳಿದರು?

ಇಂಗ್ಲೆಂಡ್ ಯುದ್ಧಕ್ಕೆ ಇಳಿಯಿತು ಅಂದರೆ ಇಂಡಿಯಾವೂ ಇಳಿದ ಹಾಗೆ. ನಮ್ಮ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಈ ದೇಶದಿಂದ 13 ಲಕ್ಷಕ್ಕೂ ಹೆಚ್ಚು ಜನ ಆ ಯುದ್ಧದಲ್ಲಿ ದುಡಿದರು. ಬಂದೂಕು ಹಿಡಿದವರು ಮಾತ್ರ ಅಲ್ಲ. ಮೂಟೆ ಹೊತ್ತವರು, ಅಡಿಗೆ ಮಾಡಿದವರು, ಹೇಸರಗತ್ತೆ ಹೊಡೆದವರು, ಗಾಯ ಆದವರನ್ನು ಹೊತ್ತು ತಂದವರು ಎಲ್ಲ ಸೇರಿ. ಅವರಲ್ಲಿ 74 ಸಾವಿರಕ್ಕೂ ಹೆಚ್ಚು ಜನ ವಾಪಸ್ ಬರಲಿಲ್ಲ.

ಮೈಸೂರು ಮಹಾರಾಜರು ಯುದ್ಧದ ಖರ್ಚಿಗೆ 50 ಲಕ್ಷ ರೂಪಾಯಿ ಕೊಟ್ಟರು. ಆಗಿನ ಕಾಲದ 50 ಲಕ್ಷ ಅಂದರೆ ಬಹಳ ದೊಡ್ಡ ಗಂಟು. ಮೈಸೂರಿನ ಕುದುರೆ ದಳವನ್ನೂ ಕಳಿಸಿದರು.

ಯಂತ್ರಗಳ ಯುದ್ಧ

ಅಲ್ಲಿ ಸಿಪಾಯಿಗಳ ಪಾಡು ಹೇಗಿತ್ತು?

ಮೊದಲು ಮೆಷಿನ್ ಗನ್ ಬಗ್ಗೆ ತಿಳಿಯಬೇಕು. ಅದು ಒಂದು ನಿಮಿಷಕ್ಕೆ ನಾನೂರು, ಐನೂರು ಗುಂಡು ಹಾರಿಸುವ ಬಂದೂಕು. ರಾಗಿ ಎರಚಿದ ಹಾಗೆ ಗುಂಡು ಬೀಳುತ್ತೆ. ಅದರ ಮುಂದೆ ಎಂಥ ಶೂರನೂ ಎದ್ದು ನಿಲ್ಲಲಾರ.

ಅದಕ್ಕೆ ಎರಡೂ ಕಡೆಯವರು ನೆಲ ಅಗೆದು ಒಳಗೆ ಕೂತರು. ಆಳುದ್ದದ ಕಾಲುವೆ ತೋಡಿದರು. ಆ ಕಾಲುವೆಗಳ ಸಾಲು ಫ್ರಾನ್ಸ್, ಬೆಲ್ಜಿಯಂ ಉದ್ದಕ್ಕೂ ಸುಮಾರು 700 ಕಿಲೋಮೀಟರ್ ಹಬ್ಬಿತ್ತು. ಮೈಸೂರಿನಿಂದ ಬೆಳಗಾವಿಗೆ ಹೋದರೂ ಅಷ್ಟು ದೂರ ಆಗುವುದಿಲ್ಲ. ಕಾಲುವೆಯ ಮುಂದೆ ಮುಳ್ಳುತಂತಿ. ಎದುರಿಗೆ ಶತ್ರುವಿನ ಕಾಲುವೆ. ನಡುವೆ ಸ್ವಲ್ಪವೇ ಜಾಗ. ಕೆಲವು ಕಡೆ ಒಂದು ಹೊಲದ ಅಗಲ.

ಆ ಕಾಲುವೆಯಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಸಾವು. ಮಳೆ ಬಂದರೆ ಮೊಣಕಾಲುದ್ದ ಕೆಸರು. ನಾವು ನಾಟಿ ಮಾಡುವಾಗ ಒಂದು ದಿನ ಕೆಸರಿನಲ್ಲಿ ನಿಂತರೆ ಕಾಲು ಏನಾಗುತ್ತೆ ಅಂತ ನಿಮಗೆ ಗೊತ್ತು. ಅವರು ದಿನಗಟ್ಟಲೆ ನಿಂತರು. ಕಾಲು ಊದಿತು, ಕೊಳೆಯಿತು. ಕೆಲವರ ಕಾಲನ್ನೇ ಕತ್ತರಿಸಬೇಕಾಯಿತು. ಮೈತುಂಬ ಹೇನು. ಎಲ್ಲಿ ನೋಡಿದರೂ ಇಲಿ.

1914ರ ಚಳಿಗಾಲಕ್ಕೆ ಮುಂಚೆ ನಮ್ಮ ದೇಶದ ಸಿಪಾಯಿಗಳು ಫ್ರಾನ್ಸಿಗೆ ಬಂದಿಳಿದರು. ಮೈಮೇಲೆ ಇದ್ದದ್ದು ತೆಳು ಬಟ್ಟೆ. ಅಲ್ಲಿ ಹಿಮ ಬೀಳುವ ಚಳಿ. ಬೆಚ್ಚನೆ ಬಟ್ಟೆ ಕೈಗೆ ಸಿಗುವಷ್ಟರಲ್ಲಿ ಎಷ್ಟೋ ಜನ ಕಾಯಿಲೆ ಬಿದ್ದರು.

1915ರ ಏಪ್ರಿಲ್ 22ರಂದು ಜರ್ಮನರು ಬೆಲ್ಜಿಯಂನಲ್ಲಿ ವಿಷದ ಗಾಳಿ ಬಿಟ್ಟರು. ಅದು ಕ್ಲೋರಿನ್. ಹಸಿರು ಹಳದಿ ಬಣ್ಣದ ಹೊಗೆ ನೆಲದ ಮೇಲೆ ತೆವಳಿಕೊಂಡು ಬಂತು. ಎಳೆದುಕೊಂಡವರು ಉಸಿರು ಕಟ್ಟಿ ಸತ್ತರು. ಮುಖಕ್ಕೆ ಹಾಕುವ ಮುಸುಕು ಆಗ ಯಾರ ಹತ್ತಿರವೂ ಇರಲಿಲ್ಲ. ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಕಟ್ಟಿಕೊಂಡರು. ಕೆಲವೇ ದಿನದಲ್ಲಿ ನಮ್ಮ ದೇಶದ ಸಿಪಾಯಿಗಳೂ ಆ ಹೊಗೆಗೆ ಸಿಕ್ಕಿದರು. ಮುಂದೆ ಇಂಗ್ಲಿಷರ ಕಡೆಯವರೂ ವಿಷದ ಗಾಳಿ ಬಳಸಿದರು. ಈ ಕೆಲಸದಲ್ಲಿ ಯಾರೂ ಸಾಚಾ ಅಲ್ಲ.

1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ಹೊಳೆಯ ಹತ್ತಿರ ಇಂಗ್ಲಿಷ್ ಸೈನ್ಯ ಕಾಲುವೆಯಿಂದ ಎದ್ದು ಮುಂದೆ ನಡೆಯಿತು. ಎದುರಿಗೆ ಮೆಷಿನ್ ಗನ್. ಆ ಒಂದೇ ದಿನ ಅವರ ಕಡೆ 19 ಸಾವಿರಕ್ಕೂ ಹೆಚ್ಚು ಜನ ಸತ್ತರು. ಒಂದೇ ದಿನದಲ್ಲಿ, ಅಕ್ಕ!

ಕಾರ್ಖಾನೆಗಳು ಹಗಲು ರಾತ್ರಿ ಗುಂಡು ಮಾಡಿದವು. ರೈಲುಗಳು ಅದನ್ನು ತಂದು ಸುರಿದವು. ಮೊದಲೆಲ್ಲ ಒಂದೊಂದು ಕಾಳಗ ಹೆಚ್ಚಾಗಿ ಒಂದೆರಡು ದಿನದಲ್ಲಿ ಮುಗಿಯುತ್ತಿತ್ತು. ಈ ಯುದ್ಧ ನಾಲ್ಕು ವರ್ಷ ಎಳೆಯಿತು. ನಾಲ್ಕು ವರ್ಷದಲ್ಲಿ ಎಲ್ಲ ದೇಶ ಸೇರಿ ಸುಮಾರು 1 ಕೋಟಿ ಸಿಪಾಯಿಗಳು ಸತ್ತರು.

ಮೈಸೂರಿನ ಕುದುರೆ ದಳ

ಮೈಸೂರಿನ ಕುದುರೆ ದಳಕ್ಕೆ ಮೈಸೂರು ಲಾನ್ಸರ್ಸ್ ಅಂತ ಹೆಸರು. ಲಾನ್ಸರ್ ಅಂದರೆ ಉದ್ದನೆಯ ಭರ್ಜಿ ಹಿಡಿದ ಸವಾರ. 1914ರ ಅಕ್ಟೋಬರಿನಲ್ಲಿ ಅವರು ಮುಂಬಯಿಯಲ್ಲಿ ಹಡಗು ಹತ್ತಿದರು. ಸುಮಾರು 450 ಸವಾರರು. 500ಕ್ಕೂ ಹೆಚ್ಚು ಕುದುರೆಗಳು. ಕುದುರೆಗೆ ಹುಲ್ಲು ನೀರು ಹಾಕುವ ಲಾಯದ ಆಳುಗಳೂ ಜೊತೆಗೆ ಹೋದರು.

ಅವರು ಹೋದದ್ದು ಈಜಿಪ್ಟ್ ದೇಶಕ್ಕೆ. ಅಲ್ಲಿ ಸೂಯೆಜ್ ಕಾಲುವೆ ಇದೆ. ಇಂಡಿಯಾಕ್ಕೂ ಇಂಗ್ಲೆಂಡಿಗೂ ಹಡಗು ಹೋಗುವ ದಾರಿ ಅದು. ಅದನ್ನು ಕಾಯುವುದು ಇವರ ಕೆಲಸ. 1915ರ ಫೆಬ್ರವರಿಯಲ್ಲಿ ತುರ್ಕಿ ಸೈನ್ಯ ಆ ಕಾಲುವೆಯ ಮೇಲೆ ಬಿತ್ತು. ಆದರೆ ಅದನ್ನು ಹಿಡಿಯಲು ಆಗಲಿಲ್ಲ.

ಆಮೇಲೆ ಮರಳುಗಾಡು ದಾಟಿ ಪ್ಯಾಲೆಸ್ಟೈನ್ ಕಡೆಗೆ ಹೋದರು. 1918ರ ಬೇಸಿಗೆಯಲ್ಲಿ ಅವರು ಇದ್ದದ್ದು ಜೋರ್ಡಾನ್ ಕಣಿವೆಯಲ್ಲಿ. ಆ ಕಣಿವೆ ಸಮುದ್ರಕ್ಕಿಂತಲೂ ತಗ್ಗು. ಸುಡುವ ಬಿಸಿಲು, ಕಣ್ಣು ಬಿಡಲಾಗದ ದೂಳು. ರಾತ್ರಿ ಸೊಳ್ಳೆ. ಗುಂಡಿಗಿಂತ ಮಲೇರಿಯಾಕ್ಕೇ ಹೆಚ್ಚು ಜನ ಮಲಗಿದರು.

1918ರ ಸೆಪ್ಟೆಂಬರ್ 23. ಹೈಫಾ ಅನ್ನುವ ರೇವು ಪಟ್ಟಣ. ಇವತ್ತು ಅದು ಇಸ್ರೇಲ್ ದೇಶದಲ್ಲಿದೆ. ಒಂದು ಕಡೆ ಕಾರ್ಮೆಲ್ ಬೆಟ್ಟ. ಇನ್ನೊಂದು ಕಡೆ ಹೊಳೆ, ಅದರ ದಡದಲ್ಲಿ ಜವುಗು. ನಡುವೆ ಸಣ್ಣ ದಾರಿ. ಬೆಟ್ಟದ ಮೇಲೆ ತುರ್ಕಿಯವರ ಮತ್ತು ಅವರ ಕಡೆಯವರ ಫಿರಂಗಿ, ಮೆಷಿನ್ ಗನ್. ಮೈಸೂರಿನ ಸವಾರರಲ್ಲಿ ಒಂದು ತುಕಡಿ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ರಾಜಸ್ಥಾನದ ಜೋಧಪುರದ ಸವಾರರು ಪಟ್ಟಣದ ಕಡೆ ನುಗ್ಗಿದರು. ಮೈಸೂರಿನ ಉಳಿದವರು ಅವರ ಹಿಂದೆ ನುಗ್ಗಿದರು. ಹೊಳೆ ದಡದಲ್ಲಿ ಕುದುರೆಗಳ ಕಾಲು ಹೂತುಹೋಯಿತು. ಆದರೂ ನಿಲ್ಲಲಿಲ್ಲ. ಸಂಜೆಯೊಳಗೆ ಪಟ್ಟಣ ಕೈಗೆ ಬಂತು.

ಸೆರೆ ಸಿಕ್ಕವರು 1,350 ಜನ. 17 ಫಿರಂಗಿ, 11 ಮೆಷಿನ್ ಗನ್ ಸಿಕ್ಕಿದವು. ನಮ್ಮ ಕಡೆ 8 ಜನ ಸತ್ತರು. ಜೋಧಪುರದವರ ಮುಂದಾಳು ಮೇಜರ್ ದಳಪತ್ ಸಿಂಗ್ ಅವರೂ ಸತ್ತರು. 34 ಜನಕ್ಕೆ ಗಾಯ ಆಯಿತು. 60 ಕುದುರೆ ಸತ್ತವು.

ಭರ್ಜಿ ಹಿಡಿದವರು ಮೆಷಿನ್ ಗನ್ನಿನ ಎದುರು ಗೆದ್ದರು. ಬಹಳ ಧೈರ್ಯದ ಕೆಲಸ. ಅದನ್ನು ಹೆಮ್ಮೆಯಿಂದಲೇ ಹೇಳಬೇಕು. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಹೈಫಾದ ಜನಕ್ಕೂ ಮೈಸೂರಿನ ಜನಕ್ಕೂ ಯಾವ ಹಗೆಯೂ ಇರಲಿಲ್ಲ.

1918ರ ನವೆಂಬರ್ 11ರಂದು ಯುದ್ಧ ನಿಂತಿತು. ಮೈಸೂರಿನ ದಳ ಮನೆಗೆ ಬಂದದ್ದು 1920ರಲ್ಲಿ. ಐದು ವರ್ಷ ದಾಟಿತ್ತು.

ಮನೆಗೆ ಬಂದ ಯುದ್ಧ

ಯುದ್ಧಕ್ಕೆ ಹೋಗದವರ ಕತೆ ಏನು?

ಹಡಗುಗಳೆಲ್ಲ ಯುದ್ಧದ ಸಾಮಾನು ಹೊರುವುದಕ್ಕೆ ಹೋದವು. ಹೊರಗಿನಿಂದ ಬರುವ ಬಟ್ಟೆ, ಸೀಮೆ ಎಣ್ಣೆ ಕಡಿಮೆ ಆಯಿತು. ಬೆಲೆ ಏರಿತು. ಸೀರೆಗೆ ಹಾಕುವ ಬಣ್ಣ ಹೆಚ್ಚಾಗಿ ಜರ್ಮನಿಯಿಂದ ಬರುತ್ತಿತ್ತು. ಅದೂ ನಿಂತಿತು. ನೇಕಾರರಿಗೆ ಕಷ್ಟ ಆಯಿತು.

ನಮ್ಮ ಕಾಡಿಗೂ ಯುದ್ಧ ಮುಟ್ಟಿತು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ಕಡೆ ಶ್ರೀಗಂಧ ಬೆಳೆಯುತ್ತಿತ್ತು. ಮೈಸೂರು ಸಂಸ್ಥಾನದ ಗಂಧದ ಕೊರಡು ಯುರೋಪಿಗೆ ಹೋಗುತ್ತಿತ್ತು. ಅಲ್ಲಿ, ಅದರಲ್ಲೂ ಜರ್ಮನಿಯಲ್ಲಿ, ಎಣ್ಣೆ ತೆಗೆಯುತ್ತಿದ್ದರು. ಯುದ್ಧ ಬಂತು. ಕೊರಡು ಕೊಳ್ಳುವವರಿಲ್ಲ. ಆಗ ಸರ್ಕಾರ ನಾವೇ ಎಣ್ಣೆ ತೆಗೆಯೋಣ ಅಂತ ಹೊರಟಿತು. 1916ರಲ್ಲಿ ಬೆಂಗಳೂರಿನಲ್ಲಿ ಕೆಲಸ ಶುರುವಾಯಿತು. 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆಯಿತು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಆ ಎಣ್ಣೆಯಿಂದಲೇ. ನೀವು ಬಚ್ಚಲಲ್ಲಿ ಇಡುವ ಸೋಪಿನ ಹಿಂದೆ ಒಂದು ಯುದ್ಧ ಇದೆ!

ಗಂಡ, ಮಗ ಯುದ್ಧಕ್ಕೆ ಹೋದ ಮನೆಗಳ ಪಾಡು ಬೇರೆ. ಸುದ್ದಿ ತಿಳಿಯುವುದು ಕಾಗದದಿಂದ. ಸಿಪಾಯಿಗಳಲ್ಲಿ ಬಹಳ ಜನಕ್ಕೆ ಬರೆಯಲು ಬರುತ್ತಿರಲಿಲ್ಲ. ಬೇರೆಯವರಿಂದ ಬರೆಸುತ್ತಿದ್ದರು. ಆ ಕಾಗದವನ್ನು ಸೈನ್ಯದ ಅಧಿಕಾರಿಗಳು ಒಡೆದು ಓದುತ್ತಿದ್ದರು. ಬೇಡ ಅನಿಸಿದ್ದನ್ನು ತಡೆಯುತ್ತಿದ್ದರು. ಇತ್ತ ಮನೆಯಲ್ಲಿ ಹೆಂಗಸಿಗೂ ಓದು ಬರುತ್ತಿರಲಿಲ್ಲ. ಆಗ ನೂರು ಹೆಂಗಸರಲ್ಲಿ ಅಕ್ಷರ ಬಲ್ಲವರು ಒಬ್ಬರೋ ಇಬ್ಬರೋ. ಗಂಡ ಹೆಂಡತಿಗೆ ಬರೆಸಿದ ಮಾತನ್ನು ಮೂರು ಜನ ಪರರು ಓದಿದ ಮೇಲೆ ಅವಳ ಕಿವಿಗೆ ಬೀಳಬೇಕು. ಅವಳ ಮನಸ್ಸಿನ ಮಾತು ವಾಪಸ್ ಹೋಗಬೇಕಾದರೂ ಅದೇ ದಾರಿ.

ಕೊನೆಗೆ ಜ್ವರ ಬಂತು. 1918ರ ಜೂನ್ ಹೊತ್ತಿಗೆ ಮುಂಬಯಿ ರೇವಿನಲ್ಲಿ ಒಂದು ಹೊಸ ಜ್ವರ ಕಾಣಿಸಿತು. ಯುದ್ಧದಿಂದ ಬರುವ ಹಡಗುಗಳ ಜೊತೆ ಅದು ಬಂತು ಅಂತ ಹೇಳುತ್ತಾರೆ. ಅದರ ಹೆಸರು ಇನ್‌ಫ್ಲುಯೆಂಜಾ. ರೈಲಿನ ದಾರಿ ಹಿಡಿದು ದೇಶದ ತುಂಬ ಹಬ್ಬಿತು. ಮೈಸೂರು ಸಂಸ್ಥಾನವನ್ನೂ ಬಿಡಲಿಲ್ಲ. 2020ರ ಕೊರೊನಾ ನೆನಪಿದೆಯಲ್ಲ? ಅದಕ್ಕಿಂತ ಭಯಂಕರ. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಕಾಳು ಕಡ್ಡಿ ತುಟ್ಟಿ. ನಮ್ಮ ದೇಶದಲ್ಲಿ 1 ಕೋಟಿಗೂ ಹೆಚ್ಚು ಜನ ಆ ಜ್ವರದಲ್ಲಿ ಹೋದರು. ಯುದ್ಧದಲ್ಲಿ ಸತ್ತ ನಮ್ಮ ಸಿಪಾಯಿಗಳ ನೂರು ಪಾಲಿಗೂ ಹೆಚ್ಚು.

ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ 58 ಲಕ್ಷ ಜನ ಇದ್ದರು. 1921ರಲ್ಲಿ ಎಣಿಸಿದಾಗ ಇನ್ನೂ 60 ಲಕ್ಷ ಮುಟ್ಟಿರಲಿಲ್ಲ. ಹತ್ತು ವರ್ಷದಲ್ಲಿ ಎರಡು ಲಕ್ಷವೂ ಹೆಚ್ಚಲಿಲ್ಲ.

ಆ ಜ್ವರದಲ್ಲಿ ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ಯಾಕೆ? ಕಾಯಿಲೆ ಬಿದ್ದವರ ಹತ್ತಿರ ಕೂತು ಆರೈಕೆ ಮಾಡುವವಳು ಹೆಂಗಸು. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವವಳೂ ಹೆಂಗಸು. ಮೈಯಲ್ಲಿ ಶಕ್ತಿ ಎಲ್ಲಿಂದ ಬರಬೇಕು?

ಏನು ಉಳಿಯಿತು?

ಯುದ್ಧಕ್ಕೆ ಇಷ್ಟು ಕೊಟ್ಟಿದ್ದೇವೆ, ಇಂಗ್ಲಿಷರು ನಮ್ಮ ಆಡಳಿತ ನಮಗೆ ಕೊಡುತ್ತಾರೆ ಅಂತ ಬಹಳ ಜನ ನಂಬಿದ್ದರು. ಆದರೆ 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ, ಬರಿಗೈಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದರು. ನೂರಾರು ಜನ ಸತ್ತರು. ಸ್ವಾತಂತ್ರ್ಯದ ಹೋರಾಟ ಅಲ್ಲಿಂದ ಇನ್ನೂ ಬಲವಾಯಿತು.

ಯುರೋಪಿನಲ್ಲಿ ಗಂಡಸರು ಯುದ್ಧಕ್ಕೆ ಹೋದಾಗ ಹೆಂಗಸರು ಕಾರ್ಖಾನೆ ನಡೆಸಿದರು. ಮತದ ಹಕ್ಕಿಗಾಗಿ ಇಂಗ್ಲೆಂಡಿನ ಹೆಂಗಸರು ಬಹಳ ವರ್ಷದಿಂದ ಹೋರಾಡುತ್ತಿದ್ದರು. 1918ರಲ್ಲಿ 30 ವರ್ಷ ದಾಟಿದ ಬಹಳ ಹೆಂಗಸರಿಗೆ ಆ ಹಕ್ಕು ಸಿಕ್ಕಿತು.

ಇದೇ ಕೊನೆಯ ಯುದ್ಧ, ಇನ್ನು ಮುಂದೆ ಯುದ್ಧವೇ ಇಲ್ಲ ಅಂತ ದೊಡ್ಡವರು ಹೇಳಿದರು. ಇಪ್ಪತ್ತೊಂದು ವರ್ಷ ಆಗುವಷ್ಟರಲ್ಲಿ, 1939ರಲ್ಲಿ, ಎರಡನೇ ಮಹಾಯುದ್ಧ ಶುರುವಾಯಿತು.

ದೆಹಲಿಯಲ್ಲಿ ತೀನ್ ಮೂರ್ತಿ ಅನ್ನುವ ಜಾಗ ಇದೆ. 1922ರಲ್ಲಿ ಅಲ್ಲಿ ಮೂರು ಸಿಪಾಯಿಗಳ ಪ್ರತಿಮೆ ನಿಲ್ಲಿಸಿದರು. ಒಬ್ಬ ಹೈದರಾಬಾದಿನವನು, ಒಬ್ಬ ಜೋಧಪುರದವನು, ಇನ್ನೊಬ್ಬ ನಮ್ಮ ಮೈಸೂರಿನವನು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲಾನ್ಸರ್ಸ್ ನೆನಪಿನ ಕಲ್ಲಿನ ಕಂಬ ಇದೆ. ಸತ್ತವರ ಹೆಸರು ಅದರಲ್ಲಿ ಕೊರೆದಿದ್ದಾರೆ.

ಆ ಸವಾರರ ತಾಯಂದಿರ ಹೆಸರು, ಹೆಂಡಿರ ಹೆಸರು ಅಲ್ಲಿಲ್ಲ. ಜ್ವರದವರಿಗೆ ಗಂಜಿ ಕುಡಿಸುತ್ತಾ ತಾವೇ ಹೋದ ಹೆಂಗಸರ ಹೆಸರೂ ಇಲ್ಲ. ಅವರ ಮಾತನ್ನು ಯಾರೂ ಬರೆದಿಡಲಿಲ್ಲ. ಅವರಿಗೆ ಬರೆಯಲು ಬರುತ್ತಿರಲಿಲ್ಲ. ನಿಮಗೆ ಬರುತ್ತೆ.

ಕೂತು ಮಾತಾಡಿ

1. ಯುದ್ಧ ಮಾಡಬೇಕು ಅಂತ ತೀರ್ಮಾನ ಮಾಡಿದವರು ಯಾರು? ಅದರ ಕಷ್ಟ ಉಂಡವರು ಯಾರು?

2. ಇವತ್ತು ಬೇರೆ ದೇಶದಲ್ಲಿ ಯುದ್ಧ ಆದರೆ ನಮ್ಮ ಮನೆಗೆ ಯಾವ ಯಾವ ದಾರಿಯಲ್ಲಿ ತಟ್ಟುತ್ತೆ? ಎಣ್ಣೆ, ಗೊಬ್ಬರ, ಡೀಸೆಲ್ ಬೆಲೆ ನೋಡಿ ಹೇಳಿ.

3. ನಿಮ್ಮ ಊರಿನಲ್ಲಿ ಸೈನ್ಯಕ್ಕೆ ಹೋದವರು ಇದ್ದಾರೆಯೇ? ಅವರ ಮನೆಯ ಹೆಂಗಸರನ್ನು ಮಾತಾಡಿಸಿ. ಅವರು ಹೇಳಿದ್ದನ್ನು ನಾಲ್ಕು ಸಾಲು ಬರೆಯಿರಿ. ಕೆಳಗೆ ಅವರ ಹೆಸರು, ನಿಮ್ಮ ಹೆಸರು, ಊರು, ದಿನಾಂಕ ಹಾಕಿ. ಮುಂದಿನ ವಾರ ಎಲ್ಲರ ಮುಂದೆ ಓದಿ.